ಬಿಚ್ಚಿದರೆ ಬಿತ್ತಿದಂತೆ: ಅಪರಿಚಿತ ಲಗತ್ತುಗಳನ್ನು ತೆರೆಯುವ ಮುನ್ನ

(ರೈತ ಉತ್ಪಾದಕ ಸಂಸ್ಥೆಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು ಹಾಗೂ ಸ್ವಸಹಾಯ ಗುಂಪುಗಳ ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ವೇದಿಕೆಯಿಂದ ನಾನು ಸಾಮಾನ್ಯವಾಗಿ ಮಾತನಾಡುವುದು ಬೀಜೋಪಚಾರ, ಮಣ್ಣು ಪರೀಕ್ಷೆ, ಕಳೆ ಹತೋಟಿ ಮುಂತಾದ ವಿಷಯಗಳನ್ನು ಕುರಿತು. ಇಂದು ಇ-ಮೇಲ್ ಜೊತೆಯಲ್ಲಿ ಬರುವ ಲಗತ್ತುಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಕೃಷಿಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಸಂಬಂಧವಿದೆ. ಇಂದು ಸಂಘದ ಲೆಕ್ಕಪತ್ರ, ಗೊಬ್ಬರದ ದರಪಟ್ಟಿ, ಮಣ್ಣು ಪರೀಕ್ಷೆಯ ವರದಿ, ಬೆಳೆ ವಿಮೆಯ ಪಾವತಿ, ಬ್ಯಾಂಕಿನ ಪತ್ರ, ಟೆಂಡರ್ ಪ್ರಕಟಣೆ ಎಲ್ಲವೂ ಗಣಕಯಂತ್ರದ ಮೂಲಕವೋ ಕೈಯಲ್ಲಿರುವ ಮೊಬೈಲಿನ ಮೂಲಕವೋ ಬರುತ್ತವೆ. ಅವುಗಳ ನಡುವೆಯೇ ಕೇಡು ಮಾಡುವ ಫೈಲುಗಳೂ ಬರುತ್ತವೆ. ಕಾಳಿನೊಂದಿಗೆ ಕಳೆಬೀಜ ಬಂದಂತೆ.

ಕಚೇರಿ ಪತ್ರಗಳ ಕೊನೆಯಲ್ಲಿ 'ಲಗತ್ತು: ಮೇಲಿನಂತೆ' ಎಂದು ಬರೆಯುವುದನ್ನು ನೀವೆಲ್ಲರೂ ನೋಡಿದ್ದೀರಿ. ಇ-ಮೇಲಿನಲ್ಲಿ ಅಟ್ಯಾಚ್‌ಮೆಂಟ್ ಎಂದು ಕರೆಯುವುದೂ ಇದನ್ನೇ. ಪತ್ರದ ಜೊತೆಗೆ ಸೇರಿಸಿ ಕಳುಹಿಸಿದ ಇನ್ನೊಂದು ಕಾಗದ. ಆದರೆ ಕಾಗದದ ಲಗತ್ತಿಗೂ ಗಣಕದ ಲಗತ್ತಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ನನ್ನ ಇಡೀ ಉಪನ್ಯಾಸ ಆ ಒಂದು ವ್ಯತ್ಯಾಸವನ್ನು ಕುರಿತದ್ದು. ಅದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ನಷ್ಟ ಮಾಡಿಕೊಂಡು ಕಲಿತೆ.

ನನ್ನದೇ ಒಂದು ತಪ್ಪು

2016ರ ಮಳೆಗಾಲ. ಆಗ ನಾನಿದ್ದ ಕಚೇರಿಯಲ್ಲಿ ಮಣ್ಣು ಪರೀಕ್ಷೆಯ ಫಲಿತಾಂಶಗಳನ್ನೆಲ್ಲ ಒಂದೇ ಗಣಕಯಂತ್ರದಲ್ಲಿ ಇಟ್ಟಿದ್ದೆವು. ಒಂದು ಬೆಳಿಗ್ಗೆ 'ಬಾಕಿ ಬಿಲ್ಲು' ಎಂಬ ತಲೆಬರಹದ ಇ-ಮೇಲ್ ಬಂದಿತು. ನೆರಳು ಪರದೆಯ ಬಿಲ್ಲೊಂದು ಪಾವತಿಯಾಗದೆ ಉಳಿದಿದ್ದುದು ನಿಜ. ಲಗತ್ತಿನಲ್ಲಿ ಗಂಟು ಕಟ್ಟಿದ ಒಂದು ಜಿಪ್ ಫೈಲು, ಅದರೊಳಗೆ ಇನ್ನೊಂದು ಫೈಲು. ಅದರ ಗುರುತು ನಾವು ಹಿಂದೆಂದೂ ಕಂಡದ್ದಲ್ಲ.

ಪಕ್ಕದಲ್ಲಿದ್ದ ಪ್ರಯೋಗಾಲಯದ ಹುಡುಗ, 'ಸಾರ್, ಇದು ಯಾವ ಫೈಲು?' ಎಂದು ಕೇಳಿದ. ನಾನು, 'ತೆಗೆದು ನೋಡಿದರೆ ಗೊತ್ತಾಗುತ್ತದಪ್ಪ' ಎಂದು ಹೇಳಿ ಎರಡು ಬಾರಿ ಒತ್ತಿದೆ. ಏನೂ ತೆರೆಯಲಿಲ್ಲ. ಫೈಲು ಕೆಟ್ಟಿರಬೇಕೆಂದುಕೊಂಡು ಊಟಕ್ಕೆ ಹೋದೆ. ಹಿಂತಿರುಗಿ ಬಂದಾಗ ನಮ್ಮ ಫೈಲುಗಳ ಹೆಸರುಗಳೆಲ್ಲ ಬದಲಾಗಿದ್ದವು. ಒಂದೂ ತೆರೆಯುತ್ತಿರಲಿಲ್ಲ. ಬೀಗ ತೆಗೆಯಬೇಕಾದರೆ ಹಣ ಕೊಡಿ ಎಂಬ ಸೂಚನೆ ಪರದೆಯ ಮೇಲಿತ್ತು.

ಆ ವರ್ಷ ಪ್ರಪಂಚದ ಅನೇಕ ಕಡೆ ಇದೇ ರೀತಿ ಬಿಲ್ಲಿನ ವೇಷದಲ್ಲಿ 'ಲಾಕಿ' ಎಂಬ ಬೀಗ ಹಾಕುವ ಪಿಡುಗು ಹರಡಿತ್ತು. ಅಂಥದ್ದೇ ಒಂದು ನಮಗೂ ಬಂದಿತ್ತು. ಹಣ ಕೊಡಲಿಲ್ಲ. ಆರು ವರ್ಷದ ದಾಖಲೆಯಲ್ಲಿ ಹಳೆಯ ನಾಲ್ಕು ವರ್ಷದ್ದು ಲೆಡ್ಜರಿನಲ್ಲಿ ಬರೆದಿದ್ದುದರಿಂದ ಉಳಿಯಿತು. ಗಣಕ ಬಂದ ಮೇಲೆ ಲೆಡ್ಜರು ಬರೆಯುವುದನ್ನು ನಿಲ್ಲಿಸಿದ್ದೆವು. ಆ ಕೊನೆಯ ಎರಡು ವರ್ಷದ್ದು ಹೋಯಿತು.

ಮರುವಾರ ಒಬ್ಬ ಹಿರಿಯ ರೈತರು ತಮ್ಮ ತೋಟದ ಮಣ್ಣಿನ ಫಲಿತಾಂಶ ಕೇಳಿಕೊಂಡು ಬಸ್ಸಿನಲ್ಲಿ ಬಂದರು. 'ಯಜಮಾನರೇ, ಇನ್ನೊಂದು ಸಲ ಮಣ್ಣು ತಂದುಕೊಡಬೇಕಾಗುತ್ತದೆ' ಎಂದೆ. ಅವರು ಸಿಟ್ಟಾಗಲಿಲ್ಲ. 'ಆಗಲಿ ಸ್ವಾಮಿ, ಮಣ್ಣಿಗೇನು ಬರ? ಆದರೆ ಗೊಬ್ಬರ ಹಾಕೋ ಕಾಲ ಕಾಯೋಲ್ಲವಲ್ಲ' ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ನನ್ನ ತಪ್ಪು ಎಲ್ಲಿತ್ತು? 'ತೆಗೆದು ನೋಡಿದರೆ ಗೊತ್ತಾಗುತ್ತದೆ' ಎಂಬ ಮಾತಿನಲ್ಲಿ. ಬೀಜದ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಅಂಗೈಗೆ ಹಾಕಿಕೊಂಡು ನೋಡಿದರೆ ಯಾವ ಅಪಾಯವೂ ಇಲ್ಲ. ಬೇಡವೆನಿಸಿದರೆ ಕಟ್ಟಿ ಹಿಂದಕ್ಕೆ ಕಳುಹಿಸಬಹುದು. ನೋಡುವುದು ಬೇರೆ, ಬಿತ್ತುವುದು ಬೇರೆ. ಗಣಕದಲ್ಲಿ ಹಾಗಲ್ಲ. ಕೆಲವು ಬಗೆಯ ಫೈಲುಗಳನ್ನು ತೆರೆಯುವುದೆಂದರೆ ಅವು ಹೇಳಿದ ಕೆಲಸವನ್ನು ಮಾಡಲು ಯಂತ್ರಕ್ಕೆ ಅಪ್ಪಣೆ ಕೊಟ್ಟಂತೆ. ಅಲ್ಲಿ ಚೀಲ ಬಿಚ್ಚಿದರೆ ಬಿತ್ತಿದಂತೆಯೇ. ಆದ್ದರಿಂದ ಪರೀಕ್ಷೆಯೆಲ್ಲ ಬಿಚ್ಚುವ ಮೊದಲೇ ಆಗತಕ್ಕದ್ದು.

ಫೈಲಿನ ಬಾಲ

ಪ್ರತಿಯೊಂದು ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಆ ಚುಕ್ಕೆಯ ಮುಂದೆ ಮೂರು ನಾಲ್ಕು ಅಕ್ಷರಗಳಿರುತ್ತವೆ. ಇದನ್ನು ಇಂಗ್ಲಿಷಿನಲ್ಲಿ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ನಮ್ಮ ವಿಸ್ತರಣಾ ವಿಭಾಗಕ್ಕೂ ಇದೇ ಹೆಸರು. ಆದರೆ ಗೊಂದಲ ಬೇಡ, ನಾವು ಇಲ್ಲಿ ಬಾಲ ಎಂದೇ ಕರೆಯೋಣ. ಬಾಲವನ್ನು ನೋಡಿ ಫೈಲಿನ ಬಗೆಯನ್ನು ಊಹಿಸಬಹುದು. ನಮ್ಮ ಕೆಲಸಕ್ಕೆ ಬೇಕಾದಷ್ಟು ಮಟ್ಟಿಗೆ ಫೈಲುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು, ನೋಡುವ ಫೈಲುಗಳು. ಜೆಪಿಜಿ ಮತ್ತು ಪಿಎನ್‌ಜಿ ಎಂಬ ಚಿತ್ರಗಳು, ಟಿಎಕ್ಸ್‌ಟಿ ಎಂಬ ಬರಿಯ ಬರಹ, ಎಂಪಿ3 ಎಂಬ ಧ್ವನಿ. ಪಹಣಿ, ರಸೀದಿ ಮುಂತಾದವು ಬರುವ ಪಿಡಿಎಫ್ ಸಹ ಹೆಚ್ಚುಕಡಿಮೆ ಇದೇ ಗುಂಪಿಗೆ ಸೇರುತ್ತದೆ. ಇವುಗಳಿಂದ ಅಪಾಯ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಪಿಡಿಎಫ್ ಒಳಗೆ ಕೊಂಡಿಗಳಿರಬಹುದು. ಅವುಗಳನ್ನು ಒತ್ತಿದರೆ ಮೋಸದ ತಾಣಕ್ಕೆ ಹೋಗಬಹುದು.

ಎರಡನೆಯದು, ಹೊಟ್ಟೆಯಲ್ಲಿ ಏನನ್ನಾದರೂ ಬಚ್ಚಿಟ್ಟುಕೊಳ್ಳಬಲ್ಲ ಫೈಲುಗಳು. ವರ್ಡ್ ಮತ್ತು ಎಕ್ಸೆಲ್ ಕಡತಗಳಲ್ಲಿ ಮ್ಯಾಕ್ರೊ ಎಂಬ ಸಣ್ಣ ಪ್ರೋಗ್ರಾಂ ಇರಬಹುದು. ಡಾಕ್‌ಎಂ, ಎಕ್ಸ್‌ಎಲ್‌ಎಸ್‌ಎಂ ಹೀಗೆ ಬಾಲದ ಕೊನೆಯಲ್ಲಿ ಎಂ ಅಕ್ಷರವಿದ್ದರೆ ಮ್ಯಾಕ್ರೊ ಇಟ್ಟುಕೊಳ್ಳಬಲ್ಲ ಫೈಲು ಎಂದರ್ಥ. ಹಳೆಯ ಡಾಕ್, ಎಕ್ಸ್‌ಎಲ್‌ಎಸ್ ಫೈಲುಗಳಲ್ಲಿ ಆ ಗುರುತೂ ಇಲ್ಲದೆ ಅದು ಇರಬಹುದು. ಜಿಪ್, ರಾರ್, ಐಎಸ್‌ಒ ಎಂಬುವು ಗಂಟು ಮೂಟೆಗಳು. ಒಳಗೆ ಏನು ಬೇಕಾದರೂ ಇರಬಹುದು. ಗುಪ್ತಪದ ಹಾಕಿದ ಜಿಪ್ ಬಂದು, ಆ ಗುಪ್ತಪದವನ್ನೂ ಅದೇ ಪತ್ರದಲ್ಲಿ ಬರೆದಿದ್ದರೆ ಇನ್ನೂ ಜಾಗ್ರತೆ ವಹಿಸಬೇಕು. ಅಂಚೆ ಸೇವೆಯ ತಪಾಸಣೆಯ ಕಣ್ಣಿಗೆ ಬೀಳದಿರಲೆಂದು ಮೂಟೆಗೆ ಬೀಗ ಹಾಕುವುದು ವಂಚಕರ ಹಳೆಯ ಉಪಾಯ. ಎಚ್‌ಟಿಎಂಎಲ್ ಎಂಬ ಲಗತ್ತು ಬ್ಯಾಂಕಿನದೋ ಇ-ಮೇಲಿನದೋ ಪ್ರವೇಶ ಪುಟದಂತೆಯೇ ಕಾಣುವ ಸುಳ್ಳು ಪುಟವನ್ನು ತೋರಿಸಿ ನಿಮ್ಮ ಗುಪ್ತಪದವನ್ನು ಕೇಳಬಹುದು.

ಮೂರನೆಯದು, ತೆರೆದೊಡನೆ ಕೆಲಸ ಮಾಡುವ ಫೈಲುಗಳು. ಎಕ್ಸ್‌ಇ, ಎಂಎಸ್‌ಐ, ಬಿಎಟಿ, ಎಸ್‌ಸಿಆರ್, ಜೆಎಸ್, ವಿಬಿಎಸ್, ಎಲ್‌ಎನ್‌ಕೆ ಇವು ಗಣಕಯಂತ್ರದವು. ಎಪಿಕೆ ಎಂಬುದು ಆಂಡ್ರಾಯ್ಡ್ ಮೊಬೈಲಿನದು. ಬಿಲ್ಲು, ವರದಿ, ದರಪಟ್ಟಿ, ಕರೆಯೋಲೆ ಯಾವುದೂ ಈ ರೂಪದಲ್ಲಿ ಬರುವುದಕ್ಕೆ ಕಾರಣವೇ ಇಲ್ಲ. ಇ-ಮೇಲಿನಲ್ಲಿ ಈ ಗುಂಪಿನ ಲಗತ್ತು ಬಂದರೆ ಎರಡನೆಯ ಯೋಚನೆ ಮಾಡದೆ ಅಳಿಸತಕ್ಕದ್ದು. ಜಿಮೇಲ್‌ನಂತಹ ಸೇವೆಗಳು ಇವುಗಳಲ್ಲಿ ಹೆಚ್ಚಿನವನ್ನು ಬಾಗಿಲಲ್ಲೇ ತಡೆಯುತ್ತವೆ. ಆದ್ದರಿಂದಲೇ ವಂಚಕರು ಈಗ ವಾಟ್ಸ್‌ಆ್ಯಪ್ ದಾರಿಯನ್ನು ಹಿಡಿದಿದ್ದಾರೆ.

ಚೀಟಿ ಬೇರೆ, ಬೀಜ ಬೇರೆ

ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ ಇರುತ್ತದೆಂಬುದು ನಿಮಗೆ ಗೊತ್ತಿದೆ. ಆದರೆ ನೀಲಿ ಚೀಟಿಯನ್ನು ಕಳಪೆ ಬೀಜದ ಚೀಲಕ್ಕೂ ಹೊಲಿಯುವ ಖದೀಮರಿದ್ದಾರೆ ಎಂಬುದೂ ಗೊತ್ತಿದೆ. ಫೈಲಿನ ಬಾಲವೂ ಒಂದು ಚೀಟಿ ಮಾತ್ರ. ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು.

ಇದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ಉದಾಹರಣೆಯಿದೆ. 2000ನೇ ಇಸವಿಯ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ ಒಂದು ಇ-ಮೇಲ್ ಕೆಲವೇ ಗಂಟೆಗಳಲ್ಲಿ ಪ್ರಪಂಚವನ್ನು ಸುತ್ತಿತು. 'ಐ ಲವ್ ಯೂ' ಎಂಬುದು ಅದರ ತಲೆಬರಹ. ಪ್ರೇಮಪತ್ರ ಎಂಬ ಹೆಸರಿನ ಲಗತ್ತಿಗೆ ಎರಡು ಬಾಲಗಳಿದ್ದವು: ಮೊದಲು ಟಿಎಕ್ಸ್‌ಟಿ, ಅದರ ಮುಂದೆ ವಿಬಿಎಸ್. ವಿಂಡೋಸ್ ತನಗೆ ಗೊತ್ತಿರುವ ಬಾಲಗಳನ್ನು ತೋರಿಸದೆ ಮುಚ್ಚಿಡುತ್ತದೆ. ಹೀಗಾಗಿ ಕೊನೆಯ ವಿಬಿಎಸ್ ಅನೇಕರ ಕಣ್ಣಿಗೆ ಬೀಳಲೇ ಇಲ್ಲ. ಬರಿಯ ಬರಹವೆಂದು ತಿಳಿದು ಒತ್ತಿದರು. ಅದು ಅವರ ಚಿತ್ರಗಳನ್ನೂ ಇತರ ಕಡತಗಳನ್ನೂ ಅಳಿಸಿ ಅವುಗಳ ಜಾಗದಲ್ಲಿ ತನ್ನನ್ನೇ ಬರೆದುಕೊಂಡಿತು. ಅವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅವರ ಹೆಸರಿನಲ್ಲೇ ಮುಂದಕ್ಕೆ ಹೋಯಿತು. ಲಕ್ಷಾಂತರ ಗಣಕಯಂತ್ರಗಳು ಹಾಳಾದವು. ಅದನ್ನು ಬರೆದವನು ಓನೆಲ್ ಡಿ ಗುಜ್ಮನ್ ಎಂಬ ಯುವಕ. ಆ ಕೃತ್ಯವನ್ನು ಅಪರಾಧವೆನ್ನುವ ಕಾನೂನು ಆಗ ಆ ದೇಶದಲ್ಲಿ ಇಲ್ಲದ್ದರಿಂದ ಅವನಿಗೆ ಶಿಕ್ಷೆಯಾಗಲಿಲ್ಲ.

ಇದರಿಂದ ನಾವು ಎರಡು ಪಾಠ ಕಲಿಯಬೇಕು. ಒಂದು, ಬಾಲ ಪೂರ್ತಿ ಕಾಣುವಂತೆ ಮಾಡಿಕೊಳ್ಳಬೇಕು. ಗಣಕದ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಎಂಬಲ್ಲಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಸಾಕು. ವಿಂಡೋಸ್ 11ರಲ್ಲಿ ವ್ಯೂ, ಅನಂತರ ಶೋ ಎಂಬುದರ ಕೆಳಗೆ ಇದು ಸಿಗುತ್ತದೆ. ಒಂದು ನಿಮಿಷದ ಕೆಲಸ. ಸಂಘದ ಕಚೇರಿಗೆ ಹೋದೊಡನೆ ಮೊದಲು ಇದನ್ನು ಮಾಡಿ. ಎರಡು, ಪರಿಚಿತರಿಂದ ಬಂದದ್ದು ಎಂಬುದು ರಕ್ಷಣೆಯಲ್ಲ. ಅಂದು ಆ ಪತ್ರ ಹೆಚ್ಚಿನವರಿಗೆ ಬಂದದ್ದು ಅವರ ಗೆಳೆಯರಿಂದ, ಮೇಲಧಿಕಾರಿಗಳಿಂದ. ನಮ್ಮಲ್ಲಿ ಕಾಂಗ್ರೆಸ್ ಕಳೆ ಎಂದು ಕರೆಯುವ ಪಾರ್ಥೇನಿಯಂ 1955ರ ಸುಮಾರಿಗೆ ಪುಣೆಯ ಬಳಿ ಗಮನಕ್ಕೆ ಬಂದಿತು. ಆಮದಾದ ಗೋಧಿಯ ಜೊತೆ ಬಂದಿರಬೇಕೆಂದು ಹೇಳುತ್ತಾರೆ. ಗೋಧಿ ಕಳುಹಿಸಿದವರಿಗೆ ಕಳೆ ಕಳುಹಿಸುವ ಉದ್ದೇಶವಿರಲಿಲ್ಲ. ನಿಮ್ಮ ಸ್ನೇಹಿತರಿಗೂ ಇರುವುದಿಲ್ಲ. ಆದರೂ ಕಳೆ ಬರುತ್ತದೆ.

ಗೊತ್ತಿಲ್ಲದ್ದೆಲ್ಲ ಕೆಟ್ಟದ್ದಲ್ಲ

ಇಷ್ಟು ಕೇಳಿದ ಮೇಲೆ, ಗೊತ್ತಿಲ್ಲದ ಫೈಲನ್ನೆಲ್ಲ ಅಳಿಸಿಬಿಟ್ಟರೆ ಆಯಿತು ಎಂದು ಕೆಲವರಿಗೆ ಅನಿಸಬಹುದು. ಅದೂ ತಪ್ಪು. ಹೀಗೆ ಹೆದರಿ ಅಳಿಸಿದ ಲಗತ್ತಿನಲ್ಲಿ ಟೆಂಡರಿನ ಕೊನೆಯ ದಿನಾಂಕವಿದ್ದರೆ ನಷ್ಟ ಸಂಘಕ್ಕೇ.

ನಿರಪಾಯಕಾರಿಯಾದ ಅಪರಿಚಿತ ಬಗೆಗಳು ಹಲವಿವೆ. ಐಫೋನ್ ಇರುವವರು ಬೆಳೆರೋಗದ ಚಿತ್ರ ಕಳುಹಿಸಿದರೆ ಅದು ಎಚ್‌ಇಐಸಿ ಎಂಬ ಬಾಲದಿಂದ ಬರಬಹುದು. ಔಟ್‌ಲುಕ್ ಬಳಸುವ ಕಚೇರಿಗಳಿಂದ ಕೆಲವೊಮ್ಮೆ ವಿನ್‌ಮೇಲ್ ಡಾಟ್ ಡಿಎಟಿ ಎಂಬ ಲಗತ್ತು ಬರುತ್ತದೆ. ಅದು ಕಳುಹಿಸಿದವರ ಗಣಕದ ಜೋಡಣೆಯ ದೋಷವೇ ಹೊರತು ವಂಚನೆಯಲ್ಲ. ಲಿಬ್ರೆಆಫೀಸ್‌ನಲ್ಲಿ ಬರೆದ ಪತ್ರ ಒಡಿಟಿ ಎಂದಿರುತ್ತದೆ. ಜಮೀನಿನ ಗಡಿ ಗುರುತಿಸಿದ ನಕ್ಷೆ ಕೆಎಂಎಲ್ ಎಂದಿರಬಹುದು. ಬರಹ ತಂತ್ರಾಂಶದ ಕಡತ ಬಿಆರ್‌ಎಚ್ ಎಂದಿರುತ್ತದೆ. ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಕನ್ನಡ ಪತ್ರವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಅದನ್ನು ವೈರಸ್ ಎಂದು ಹೆದರಬೇಕಾಗಿಲ್ಲ. ಬೇಕಾದದ್ದು ಅಕ್ಷರಗಳು ಮಾತ್ರ.

ಆದ್ದರಿಂದ ಕಣ್ಣು ಮುಚ್ಚಿ ತೆರೆಯಲೂ ಬೇಡಿ, ಕಣ್ಣು ಮುಚ್ಚಿ ಅಳಿಸಲೂ ಬೇಡಿ. ಮಧ್ಯದಲ್ಲಿ ಒಂದು ಪರೀಕ್ಷೆಯ ದಾರಿಯಿದೆ.

ಮೊಳಕೆ ಪರೀಕ್ಷೆಯ ನಾಲ್ಕು ಹಂತಗಳು

ಭತ್ತದ ಬೀಜದಲ್ಲಿ ನೂರಕ್ಕೆ ಎಂಬತ್ತಾದರೂ ಮೊಳೆಯಬೇಕೆಂಬುದು ಪ್ರಮಾಣಿತ ಬೀಜದ ನಿಯಮ. ಚೀಟಿ ಏನೇ ಹೇಳಲಿ, ಒದ್ದೆ ಗೋಣಿತಾಟಿನಲ್ಲಿ ನೂರು ಕಾಳು ಸುತ್ತಿಟ್ಟು ನೋಡುವವನು ಜಾಣ ರೈತ. ಲಗತ್ತಿಗೂ ಅಂಥ ಪರೀಕ್ಷೆ ಇದೆ.

1. ಕೇಳಿ ತಿಳಿಯಿರಿ. ಕಳುಹಿಸಿದವರಿಗೆ ದೂರವಾಣಿ ಮಾಡಿ, 'ನೀವು ಇಂಥ ಫೈಲು ಕಳುಹಿಸಿದ್ದೀರಾ, ಅದು ಯಾವ ಬಗೆಯದು?' ಎಂದು ಕೇಳಿ. ಆದರೆ ಬಂದ ಪತ್ರದಲ್ಲಿರುವ ಸಂಖ್ಯೆಗೆ ಮಾಡಬೇಡಿ. ನಿಮ್ಮ ಬಳಿ ಮೊದಲಿನಿಂದ ಇರುವ ಸಂಖ್ಯೆಗೆ ಮಾಡಿ. ಪತ್ರಕ್ಕೆ ಉತ್ತರ ಬರೆದು ಕೇಳಿದರೆ ಉತ್ತರಿಸುವವನು ವಂಚಕನೇ ಆಗಿರಬಹುದು. ನೂರಕ್ಕೆ ತೊಂಬತ್ತು ಸಂಶಯಗಳು ಈ ಒಂದು ಕರೆಯಿಂದಲೇ ಬಗೆಹರಿಯುತ್ತವೆಂಬುದು ನನ್ನ ಅನುಭವ. ಸಾಧ್ಯವಾದರೆ ಅದನ್ನೇ ಪಿಡಿಎಫ್ ಮಾಡಿ ಕಳುಹಿಸಿ ಎಂದು ಕೇಳಿ. ನಿಜವಾಗಿ ಕಳುಹಿಸಿದವರು ಖಂಡಿತ ಕಳುಹಿಸುತ್ತಾರೆ.

2. ಪೂರ್ತಿ ಹೆಸರು ಮತ್ತು ವಿಳಾಸ ಓದಿ. ಹೆಸರು ಬ್ಯಾಂಕಿನದಾಗಿದ್ದು ವಿಳಾಸ ಮತ್ತೆಲ್ಲಿಯದೋ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡು ಬಾಲಗಳಿದ್ದರೆ ಕೊನೆಯದೇ ನಿಜವಾದದ್ದು. 'ಇಂದು ಸಂಜೆಯೊಳಗೆ', 'ಕೂಡಲೇ', 'ಖಾತೆ ಮುಚ್ಚಲಾಗುವುದು' ಎಂಬ ಅವಸರದ ಮಾತುಗಳಿದ್ದರೆ ನೀವು ನಿಧಾನ ಮಾಡಿ.

3. ಇಳಿಸಿಕೊಳ್ಳದೆ ನೋಡಿ. ಜಿಮೇಲ್ ಮುಂತಾದವುಗಳಲ್ಲಿ ಪಿಡಿಎಫ್, ವರ್ಡ್, ಎಕ್ಸೆಲ್ ಲಗತ್ತುಗಳನ್ನು ಅಲ್ಲಿಯೇ ಮುನ್ನೋಟವಾಗಿ ನೋಡಬಹುದು. ಆಗ ಫೈಲು ತೆರೆಯುವುದು ಅವರ ಯಂತ್ರದಲ್ಲಿ, ನಿಮ್ಮ ಯಂತ್ರದಲ್ಲಲ್ಲ. ಬೇರೆಯವರ ಕಣದಲ್ಲಿ ತೂರಿ ನೋಡಿದಂತೆ. ಇಳಿಸಿದ ವರ್ಡ್ ಅಥವಾ ಎಕ್ಸೆಲ್ ಕಡತದ ಮೇಲ್ಭಾಗದಲ್ಲಿ ಎಚ್ಚರಿಕೆಯ ಪಟ್ಟಿಯೊಂದು ಕಾಣಿಸಿಕೊಂಡು, ಎನೇಬಲ್ ಕಂಟೆಂಟ್ ಒತ್ತಬೇಕೆಂದು ಕಡತದ ಒಳಗೇ ಬರೆದಿದ್ದರೆ ಒತ್ತಬಾರದು. ಓದುವುದಕ್ಕೆ ಅದು ಬೇಕಾಗಿಲ್ಲ. ಮೈಕ್ರೋಸಾಫ್ಟ್ 2022ರಿಂದ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯುತ್ತಿದೆ. ಹಳೆಯ ಆಫೀಸ್ ಇಟ್ಟುಕೊಂಡ ಸಂಘಗಳಿಗೆ ಈ ರಕ್ಷಣೆ ಇಲ್ಲದಿರಬಹುದು.

4. ತಪಾಸಣೆಗೆ ಒಡ್ಡಿ. ಇಷ್ಟಾದರೂ ಸಂಶಯ ಉಳಿದರೆ, ಫೈಲನ್ನು ತೆರೆಯದೆ ಇಳಿಸಿಕೊಂಡು, ಅದರ ಮೇಲೆ ಬಲಗುಂಡಿ ಒತ್ತಿ ವೈರಸ್ ತಪಾಸಣೆ ಮಾಡಿಸಿ. ವೈರಸ್‌ಟೋಟಲ್ ಎಂಬ ತಾಣಕ್ಕೆ ಫೈಲು ಕೊಟ್ಟರೆ ಹತ್ತಾರು ವೈರಸ್ ನಿರೋಧಕಗಳಿಂದ ಒಟ್ಟಿಗೆ ಪರೀಕ್ಷಿಸಿ ಹೇಳುತ್ತದೆ. ಆದರೆ ಅಲ್ಲಿಗೆ ಕೊಟ್ಟ ಫೈಲು ಇತರ ಪರಿಣತರ ಕೈಗೂ ಸಿಗುತ್ತದೆ. ಸದಸ್ಯರ ಆಧಾರ್, ಖಾತೆ ಸಂಖ್ಯೆ ಇರುವ ಕಡತಗಳನ್ನು ಅಲ್ಲಿಗೆ ಕೊಡಬಾರದು. ಯಾವ ನಿರೋಧಕವೂ ಏನನ್ನೂ ಹಿಡಿಯಲಿಲ್ಲವೆಂದರೆ ಫೈಲು ಶುದ್ಧವೆಂದು ಪ್ರಮಾಣಪತ್ರ ಕೊಟ್ಟಂತಲ್ಲ. ಹೊಸ ರೋಗ ಪರೀಕ್ಷೆಗೆ ಸಿಗದಿರಬಹುದು.

ಗಣಕ ಬಲ್ಲ ಯುವಕರಿಗೆ ಇನ್ನೊಂದು ಮಾತು. ಇಳಿಸಿದ ಫೈಲನ್ನು ಎರಡು ಬಾರಿ ಒತ್ತದೆ, ಬಲಗುಂಡಿ ಒತ್ತಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನೋಟ್‌ಪ್ಯಾಡ್ ಯಾವ ಫೈಲನ್ನೂ ಓಡಿಸುವುದಿಲ್ಲ, ಅಕ್ಷರಗಳನ್ನು ತೋರಿಸುತ್ತದೆ ಅಷ್ಟೆ. ಬಹುಪಾಲು ಗೊಂದಲದ ಗುರುತುಗಳೇ ಕಂಡರೂ ಮೊದಲ ಕೆಲವು ಅಕ್ಷರಗಳನ್ನು ಗಮನಿಸಿ. ನಿಜವಾದ ಪಿಡಿಎಫ್ ಆಗಿದ್ದರೆ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ವಿಂಡೋಸ್ ಪ್ರೋಗ್ರಾಂ ಆಗಿದ್ದರೆ ಎಂ, ಜೆಡ್ ಎಂಬ ಎರಡು ಅಕ್ಷರಗಳಿರುತ್ತವೆ. ಅವು ಮಾರ್ಕ್ ಜ್ಬಿಕೋವ್‌ಸ್ಕಿ ಎಂಬ ತಂತ್ರಜ್ಞರ ಹೆಸರಿನ ಮೊದಲಕ್ಷರಗಳು. ಜಿಪ್ ಆಗಿದ್ದರೆ ಪಿ, ಕೆ. ಅದು ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಅವರದು. ಹೆಸರಿನ ಬಾಲ ಪಿಡಿಎಫ್ ಎಂದಿದ್ದು ಒಳಗೆ ಎಂ, ಜೆಡ್ ಕಂಡರೆ ಸುಳ್ಳು ಚೀಟಿ ಎಂದು ಖಚಿತ. ಹಾಗೆಂದು ಇದೊಂದನ್ನೇ ನಂಬಬೇಡಿ. ಹೊಸ ವರ್ಡ್ ಕಡತವೂ, ಎಕ್ಸೆಲ್ ಕಡತವೂ, ಮೊಬೈಲಿನ ಎಪಿಕೆಯೂ ಒಳಗಿನಿಂದ ಜಿಪ್ ಮೂಟೆಗಳೇ. ಮೂರರಲ್ಲೂ ಪಿ, ಕೆ ಕಾಣುತ್ತದೆ. ಚೀಲ ಒಂದೇ ನಮೂನೆಯದು, ಕಾಳು ಬೇರೆ.

ಮೊಬೈಲಿನ ಎಪಿಕೆ ಹಾವಳಿ

ಬೆಳಿಗ್ಗೆ ಚಹಾದ ವೇಳೆಯಲ್ಲಿ ಒಬ್ಬ ಸೋದರಿ, 'ನಮ್ಮ ಗುಂಪಿನಲ್ಲಿ ಗಣಕಯಂತ್ರವೇ ಇಲ್ಲ, ಎಲ್ಲ ಮೊಬೈಲಿನಲ್ಲೇ. ನಮಗೆ ಇದೆಲ್ಲ ಯಾಕೆ ಸಾರ್?' ಎಂದು ಕೇಳಿದರು. ಅಮ್ಮಾ, ಇಂದು ಹೆಚ್ಚು ಅಪಾಯವಿರುವುದೇ ಅಲ್ಲಿ.

ಕೆಲವು ವರ್ಷಗಳಿಂದ ದೇಶದ ಹಲವು ರಾಜ್ಯಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ಎಪಿಕೆ ಫೈಲುಗಳು ಹರಿದಾಡುತ್ತಿವೆ. ಒಂದಕ್ಕೆ ಪಿ.ಎಂ. ಕಿಸಾನ್ ಎಂದು ಹೆಸರು, ಇನ್ನೊಂದಕ್ಕೆ ವಾಹನದ ದಂಡದ ಚಲನ್ ಎಂದು, ಮತ್ತೊಂದಕ್ಕೆ ಮದುವೆಯ ಕರೆಯೋಲೆ ಎಂದು. 2024ರಿಂದೀಚೆಗೆ ಪೊಲೀಸರು ಇವುಗಳ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಎರಡು ಸಾವಿರ ರೂಪಾಯಿಯ ಕಂತು ಬರಲಿಲ್ಲವೆಂದು ಕಾಯುತ್ತಿರುವ ರೈತನಿಗೆ ಕಿಸಾನ್ ಹೆಸರಿನ ಫೈಲು ಬಂದರೆ ಬೆರಳು ತಾನಾಗಿ ಹೋಗುತ್ತದೆ. ವಂಚಕರು ಗಾಳ ಹಾಕುವುದೇ ಕಾಯುತ್ತಿರುವವರಿಗೆ. ನನ್ನ ಬಾಕಿ ಬಿಲ್ಲಿನ ಕಥೆಯಲ್ಲಿ ಆದದ್ದೂ ಅದೇ.

ಎಪಿಕೆ ಎಂದರೆ ಕಾಗದವಲ್ಲ, ಆ್ಯಪ್. ಅದನ್ನು ಒತ್ತಿದಾಗ, ಅಪರಿಚಿತ ಮೂಲದಿಂದ ಆ್ಯಪ್ ಹಾಕಲು ಅನುಮತಿ ಕೊಡುವಿರಾ ಎಂದು ಮೊಬೈಲು ಕೇಳುತ್ತದೆ. ಅದು ದೊಡ್ಡ ಬಾಗಿಲು. ಅನಂತರ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಅದು ತಿಜೋರಿಯ ಬಾಗಿಲು. ಎರಡನ್ನೂ ತೆರೆದರೆ ಬ್ಯಾಂಕಿನಿಂದ ಬರುವ ಒಟಿಪಿ ನಿಮಗೆ ತಿಳಿಯುವ ಮೊದಲೇ ವಂಚಕನಿಗೆ ತಲುಪುತ್ತದೆ. 'ನಾನು ಯಾರಿಗೂ ಒಟಿಪಿ ಹೇಳಲಿಲ್ಲ, ಆದರೂ ಹಣ ಹೋಯಿತು' ಎಂದು ಜನ ಹೇಳುವುದು ಇದೇ ಕಾರಣದಿಂದ. ಅವರು ಹೇಳಿದ್ದು ನಿಜ. ಹೇಳಿದ್ದು ಅವರಲ್ಲ, ಅವರ ಮೊಬೈಲು. ಇಂಥ ಕೆಲವು ಆ್ಯಪ್‌ಗಳು ನಿಮ್ಮ ವಾಟ್ಸ್‌ಆ್ಯಪ್ ಅನ್ನೇ ವಶಪಡಿಸಿಕೊಂಡು ನಿಮ್ಮ ಬಂಧುಗಳಿಗೂ ನಿಮ್ಮ ಹೆಸರಿನಲ್ಲಿ ಅದೇ ಫೈಲನ್ನು ಕಳುಹಿಸುತ್ತವೆ.

ಆದ್ದರಿಂದ ಒಂದು ಸರಳ ನಿಯಮ ಇಟ್ಟುಕೊಳ್ಳಿ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಇಲ್ಲವೇ ಅರಿಸಿನ ಕುಂಕುಮದೊಂದಿಗೆ ಮನೆಗೆ ಬರುತ್ತದೆ, ಎಪಿಕೆಯಾಗಿ ಬರುವುದಿಲ್ಲ. ಆ್ಯಪ್ ಬೇಕಾದರೆ ಪ್ಲೇ ಸ್ಟೋರಿಗೆ ನೀವೇ ಹೋಗಿ, ತಯಾರಿಸಿದವರ ಹೆಸರು ನೋಡಿ ತೆಗೆದುಕೊಳ್ಳಿ. ಮನೆಯ ಬಾಗಿಲಿಗೆ ತಾನಾಗಿ ಬಂದ ಆ್ಯಪ್ ಬೇಡ.

ತಪ್ಪಿ ತೆರೆದಿದ್ದರೆ

ಎಷ್ಟು ಎಚ್ಚರವಿದ್ದರೂ ಒಮ್ಮೆ ಕೈತಪ್ಪಬಹುದು. ಆಗ ನಾಚಿಕೆಯಿಂದ ಮುಚ್ಚಿಡುವುದೇ ದೊಡ್ಡ ನಷ್ಟಕ್ಕೆ ಕಾರಣ. ಕೆಳಗಿನ ಕ್ರಮಗಳನ್ನು ತಡಮಾಡದೆ ಕೈಗೊಳ್ಳಬೇಕು.

ಅ) ಮೊದಲು ಅಂತರ್ಜಾಲದ ಸಂಪರ್ಕ ಕಡಿಯಿರಿ. ಗಣಕದ ತಂತಿ ಕಿತ್ತು ವೈಫೈ ಆರಿಸಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಪೆನ್‌ಡ್ರೈವ್ ಇದ್ದರೆ ತೆಗೆಯಿರಿ.

ಆ) ಬೇರೆ ಮೊಬೈಲಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಿ. ಹಣ ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಇದು ಸೈಬರ್ ವಂಚನೆ ದೂರಿನ ರಾಷ್ಟ್ರೀಯ ಸಹಾಯವಾಣಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿಯೂ ದೂರು ಕೊಡಬಹುದು. ಬೇಗ ತಿಳಿಸಿದರೆ ಹಣವು ಖಾತೆಯಿಂದ ಖಾತೆಗೆ ಹೋಗುವ ದಾರಿಯಲ್ಲೇ ತಡೆಯಲು ಅವಕಾಶವಿರುತ್ತದೆ. ಒಡೆದ ಕಾಲುವೆಯ ನೀರನ್ನು ಮೊದಲ ಮಡಿಯಲ್ಲೇ ಕಟ್ಟಬೇಕು.

ಇ) ಗುಪ್ತಪದಗಳನ್ನು ಬೇರೆ ಶುದ್ಧ ಯಂತ್ರದಿಂದ ಬದಲಾಯಿಸಿ. ಮೊಬೈಲಿನಿಂದ ಆ ಆ್ಯಪ್ ತೆಗೆದು, ಬಲ್ಲವರ ಸಹಾಯದಿಂದ ಫ್ಯಾಕ್ಟರಿ ರೀಸೆಟ್ ಮಾಡಿಸಿ.

ಈ) ನಿಮ್ಮ ಬಂಧುಮಿತ್ರರಿಗೂ ಸಂಘದ ಸದಸ್ಯರಿಗೂ ತಿಳಿಸಿ. ರೋಗ ಬಂದ ಹೊಲದ ಸುದ್ದಿಯನ್ನು ನೆರೆಹೊಲದವನಿಗೆ ಹೇಳುವುದು ನಮ್ಮ ಧರ್ಮ.

ಬಿತ್ತನೆ ಬೀಜ ಉಳಿಸಿಕೊಳ್ಳಿ

ಕೊನೆಯದಾಗಿ ಒಂದು ಮಾತು. ನಮ್ಮ ಹಿರಿಯರು ಇದ್ದ ರಾಗಿಯನ್ನೆಲ್ಲ ಒಂದೇ ಹಗೇವಿಗೆ ಸುರಿಯುತ್ತಿರಲಿಲ್ಲ. ಬಿತ್ತನೆಯ ಬೀಜ ಬೇರೆ ವಾಡೆಯಲ್ಲಿ, ಬೂದಿ ಬೆರೆಸಿ, ಮುದ್ರೆ ಹಾಕಿ ಇರುತ್ತಿತ್ತು. ಸಂಘದ ದಾಖಲೆಗೂ ಅದೇ ನಿಯಮ. ವಾರಕ್ಕೊಮ್ಮೆ ಎಲ್ಲ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ. ಪ್ರತಿ ತೆಗೆದ ಮೇಲೆ ಡಿಸ್ಕನ್ನು ಯಂತ್ರದಿಂದ ಕಳಚಿ ಬೇರೆ ಕಡೆ ಇಡಿ. ಚುಚ್ಚಿಯೇ ಬಿಟ್ಟರೆ ಬೀಗ ಹಾಕುವ ಪಿಡುಗು ಅದಕ್ಕೂ ಬೀಗ ಹಾಕುತ್ತದೆ. ವರ್ಷಕ್ಕೊಮ್ಮೆ ಮುಖ್ಯ ಲೆಕ್ಕವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ರಟ್ಟು ಕಟ್ಟಿಸಿ. ನನ್ನನ್ನು ಉಳಿಸಿದ್ದು ಲೆಡ್ಜರು ಎಂಬುದನ್ನು ನಾನು ಮರೆತಿಲ್ಲ.

ಆ ಪ್ರಯೋಗಾಲಯದ ಹುಡುಗ ಅಂದು ಕೇಳಿದ್ದು ಸರಿಯಾದ ಪ್ರಶ್ನೆ. 'ಇದು ಯಾವ ಫೈಲು?' ಹಿರಿಯನಾದ ನಾನು ಅದಕ್ಕೆ ಉತ್ತರ ಹುಡುಕಲಿಲ್ಲ. ನಿಮ್ಮ ಸಂಘದಲ್ಲಿಯೂ ಅಂಥ ಹುಡುಗನೋ ಹುಡುಗಿಯೋ ಇರಬಹುದು. ಅವರು ಕೇಳಿದಾಗ ಗದರಬೇಡಿ, ಕೈ ತಡೆದು ನಿಲ್ಲಿ. ಎರಡು ನಿಮಿಷದ ದೂರವಾಣಿ ಕರೆ ಎರಡು ವರ್ಷದ ದುಡಿಮೆಯನ್ನು ಉಳಿಸಬಲ್ಲದು.

ಊಟದ ನಂತರ ಬಾಲ ಕಾಣುವಂತೆ ಮಾಡುವ ವಿಧಾನವನ್ನು ಪ್ರಾತ್ಯಕ್ಷಿಕೆಯಲ್ಲಿ ತೋರಿಸಲಾಗುವುದು. ತಮ್ಮ ತಮ್ಮ ಮೊಬೈಲುಗಳನ್ನು ತಪ್ಪದೆ ತನ್ನಿ.